ಇಂಗ್ಲೆಂಡಿನ ಹಳ್ಳಿ, ಹವ್ಯಾಸಿ ಪತ್ತೇದಾರರು: ಯಾವ ಪುಸ್ತಕದಿಂದ ಶುರು ಮಾಡಲಿ?

ಪ್ರಶ್ನೆ: ಷರ್ಲಾಕ್ ಹೋಮ್ಸ್ ಓದಿ ಮುಗಿಯಿತು. ಪೊಲೀಸರೂ ಅಲ್ಲದ, ಫೀಸು ತೆಗೆದುಕೊಳ್ಳುವ ಪತ್ತೇದಾರರೂ ಅಲ್ಲದ ಸಾಮಾನ್ಯ ಜನ ಕೊಲೆಗಾರರನ್ನು ಹಿಡಿಯುವಂಥ, ಇಂಗ್ಲೆಂಡಿನಲ್ಲೇ ನಡೆಯುವ ಕಾದಂಬರಿಗಳು ಬೇಕು. ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ. ತಿಳಿದವರು ದಾರಿ ತೋರಿಸಿ.

*

ನಿಧಾನ ಓದುವವರಿಗೆ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಸರಿ. ವಾಕ್ಯಗಳು ಚಿಕ್ಕವು, ಮಾತುಕತೆಯೇ ಜಾಸ್ತಿ. ಆದರೆ ಕಾದಂಬರಿಯಿಂದ ಶುರು ಮಾಡಬೇಡಿ. ಮೊದಲು 'ದ ಥರ್ಟೀನ್ ಪ್ರಾಬ್ಲಮ್ಸ್' (1932) ತೆಗೆದುಕೊಳ್ಳಿ, 13 ಸಣ್ಣ ಕಥೆಗಳಿವೆ. ಮೊದಲ ಆರು ಕಥೆಗಳಲ್ಲಿ ಮಾರ್ಪಲ್ ಮನೆಯಲ್ಲಿ ಸೇರಿದ ಆರು ಜನ ತಮಗೆ ಗೊತ್ತಿರುವ ಒಂದೊಂದು ಪ್ರಕರಣ ಹೇಳುತ್ತಾರೆ, ಉಳಿದವರು ಊಹಿಸಬೇಕು. ಒಂದು ಕಥೆ ಒಂದೇ ಕೂತಿಗೆ ಮುಗಿಯುತ್ತದೆ. ಹೆಣೆಯುತ್ತ ಕೂತ ಮುದುಕಿ ತನ್ನೂರಿನ ಯಾರನ್ನೋ ನೆನೆಸಿಕೊಂಡು ಗುಟ್ಟು ಬಿಡಿಸುವ ರೀತಿ ಇಲ್ಲೇ ಮನಸ್ಸಿಗೆ ಕೂರುತ್ತದೆ.

ಆಮೇಲೆ 'ದ ಮರ್ಡರ್ ಅಟ್ ದ ವಿಕರೇಜ್' (1930). ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಂಡು ಗಂಟೆ-ನಿಮಿಷ ಬರೆದುಕೊಳ್ಳಿ. ಪಾದ್ರಿಯ ಓದುವ ಕೋಣೆಯಲ್ಲಿ ಹೆಣ, ಮೇಜಿನ ಮೇಲೆ ಬಿದ್ದು ನಿಂತುಹೋದ ಗಡಿಯಾರ. ಆ ಗಡಿಯಾರವನ್ನು ಪಾದ್ರಿ ಯಾವಾಗಲೂ ಕಾಲು ಗಂಟೆ ಮುಂದೆ ಇಡುತ್ತಾರೆ. ಅದನ್ನು ಹೇಳಲು ಬಾಯಿ ತೆರೆದರೆ ಇನ್ಸ್‌ಪೆಕ್ಟರ್ ಕೇಳಿಸಿಕೊಳ್ಳುವುದೇ ಇಲ್ಲ! ಊರಿನ ನಕ್ಷೆಯೂ ಕೋಣೆಯ ನಕ್ಷೆಯೂ ಪುಸ್ತಕದಲ್ಲಿವೆ. ನಕ್ಷೆ ಬಿಟ್ಟ ಮುದ್ರಣ ಕೊಳ್ಳಬೇಡಿ, ಯಾವ ತೋಟದಿಂದ ಯಾವ ಬಾಗಿಲು ಕಾಣುತ್ತದೆ ಎಂಬುದರ ಮೇಲೇ ಅರ್ಧ ಲೆಕ್ಕ ನಿಂತಿದೆ.

*

ಮೇಲಿನದಕ್ಕೆ ಸೇರಿಸುತ್ತೇನೆ. ಮಾರ್ಪಲ್ ಕಾದಂಬರಿಗಳು ಒಟ್ಟು 12. ಎಲ್ಲವನ್ನೂ ವರಸೆಯಾಗಿ ಓದಬೇಕಿಲ್ಲ, ಎರಡು ಜೋಡಿ ಮಾತ್ರ ತಪ್ಪಿಸಬೇಡಿ. 'ದ ಬಾಡಿ ಇನ್ ದ ಲೈಬ್ರರಿ' (1942) ಆದ ಮೇಲೆ 'ದ ಮಿರರ್ ಕ್ರ್ಯಾಕ್ಡ್' (1962): ಎರಡರಲ್ಲೂ ಅದೇ ಬಂಗಲೆ, ಇಪ್ಪತ್ತು ವರ್ಷದಲ್ಲಿ ಹಳ್ಳಿ ಎಷ್ಟು ಬದಲಾಯಿತು ಎಂಬುದು ಆಗಲೇ ತಟ್ಟುವುದು. ಹಾಗೆಯೇ 'ಎ ಕ್ಯಾರಿಬಿಯನ್ ಮಿಸ್ಟರಿ' (1964) ಓದದೆ 'ನೆಮಿಸಿಸ್' (1971) ಹಿಡಿಯಬೇಡಿ. ಮೊದಲನೆಯದು ಇಂಗ್ಲೆಂಡಿನಲ್ಲಿ ನಡೆಯದಿದ್ದರೂ ಓದಿ.

ಕೊಳ್ಳುವಾಗ ಎಚ್ಚರ: ಅಮೆರಿಕದಲ್ಲಿ ಅದೇ ಪುಸ್ತಕಕ್ಕೆ ಬೇರೆ ಹೆಸರು. '4.50 ಫ್ರಮ್ ಪ್ಯಾಡಿಂಗ್ಟನ್' ಅಲ್ಲಿ 'ವಾಟ್ ಮಿಸೆಸ್ ಮೆಕ್‌ಗಿಲಿಕಡಿ ಸಾ!' ಆಗಿದೆ, 'ದ ಥರ್ಟೀನ್ ಪ್ರಾಬ್ಲಮ್ಸ್' ಅಲ್ಲಿ 'ದ ಟ್ಯೂಸ್‌ಡೇ ಕ್ಲಬ್ ಮರ್ಡರ್ಸ್'. ಹೊಸದೆಂದುಕೊಂಡು ಎರಡು ಸಲ ದುಡ್ಡು ಕೊಟ್ಟವರು ಬೇಕಾದಷ್ಟು ಜನ.

ಒಂದೇ ಒಂದು ಓದುವುದಾದರೆ 'ಎ ಮರ್ಡರ್ ಈಸ್ ಅನೌನ್ಸ್ಡ್' (1950). ಇಂಥ ಮನೆಯಲ್ಲಿ ಇಷ್ಟು ಗಂಟೆಗೆ ಕೊಲೆ ನಡೆಯಲಿದೆ ಎಂದು ಊರಿನ ಪತ್ರಿಕೆಯಲ್ಲಿ ಜಾಹೀರಾತು ಬರುತ್ತದೆ, ನೆರೆಹೊರೆಯವರೆಲ್ಲ ನೋಡಲು ಹೋಗುತ್ತಾರೆ. ಯುದ್ಧ ಮುಗಿದು ಐದು ವರ್ಷವಾದರೂ ಆಗ ಬ್ರಿಟನ್ನಿನಲ್ಲಿ ರೇಷನ್ ಇತ್ತು, 1954ರವರೆಗೂ ಇತ್ತು. ಹಿಂದೆ ಹಳ್ಳಿಗೆ ಹೊಸಬರು ಬಂದರೆ ಅವರ ವಂಶವೇ ಗೊತ್ತಿರುತ್ತಿತ್ತು, ಈಗ ರೇಷನ್ ಪುಸ್ತಕ ತೋರಿಸಿದರೆ ಅದೇ ಗುರುತು. ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡು ಓದಿ.

*

ನಮ್ಮವರು ಎಡವುವುದು ಇಂಗ್ಲಿಷಿನಲ್ಲಲ್ಲ, ಹೆಸರುಗಳಲ್ಲಿ. ಒಬ್ಬನನ್ನೇ ಊರವರು ಕರ್ನಲ್ ಬ್ಯಾಂಟ್ರಿ ಅಂತಾರೆ, ಹೆಂಡತಿ ಆರ್ಥರ್ ಅಂತಾಳೆ. ಮೊದಲ 30 ಪುಟಕ್ಕೆ ಒಂದು ಚೀಟಿಯಲ್ಲಿ ಹೆಸರು, ಮನೆತನದ ಹೆಸರು, ಯಾರಿಗೆ ಏನಾಗಬೇಕು ಬರೆದಿಡಿ. ಉಯಿಲಿನ ಮಾತು ಬಂದ ಕಡೆ ಪುಟ ಹಾರಿಸಬೇಡಿ: ಯಾರು ಮೊದಲು ಸತ್ತರೆ ಆಸ್ತಿ ಯಾರಿಗೆ ಎಂಬುದೇ ಬಹಳ ಕಡೆ ಕೊಲೆಯ ಕಾರಣ.

ಪಾಷಾಣದ ಕಥೆಗಳಲ್ಲಿ ಔಷಧಿ ಅಂಗಡಿಯ ರಿಜಿಸ್ಟರ್ ಯಾಕೆ ಬರುತ್ತದೆ ಗೊತ್ತೇ? ಬಿಳಿ ಪಾಷಾಣ (ಆರ್ಸೆನಿಕ್) ನೋಡಲು ಸಕ್ಕರೆ, ಹಿಟ್ಟಿನ ಹಾಗೆ. ಅದಕ್ಕೇ ಬ್ರಿಟನ್ನಿನ 1851ರ ಕಾಯ್ದೆ ಚಿಲ್ಲರೆ ಮಾರಾಟದ ಪಾಷಾಣಕ್ಕೆ ಮಸಿ ಅಥವಾ ನೀಲಿ ಬೆರೆಸಬೇಕೆಂದೂ ಕೊಂಡವರು ಸಹಿ ಹಾಕಬೇಕೆಂದೂ ಕಟ್ಟುಮಾಡಿತು.

*

ಡೊರೊತಿ ಸೇಯರ್ಸ್ ಬಿಟ್ಟರೆ ಈ ಪಟ್ಟಿ ಅಪೂರ್ಣ, ಆದರೆ ಸ್ವಲ್ಪ ಪಳಗಿದ ಮೇಲೆ. ಅವರ ಹವ್ಯಾಸಿ ಪತ್ತೇದಾರ ಲಾರ್ಡ್ ಪೀಟರ್ ಮಾತಿನ ತುಂಬ ಸಾಹಿತ್ಯದ ಉಲ್ಲೇಖಗಳು. 'ಸ್ಟ್ರಾಂಗ್ ಪಾಯ್ಸನ್' (1930), 'ಹ್ಯಾವ್ ಹಿಸ್ ಕಾರ್ಕೇಸ್' (1932), 'ಗಾಡಿ ನೈಟ್' (1935) ಇದೇ ಕ್ರಮದಲ್ಲಿ ಓದಿ. ಮೂರನೆಯದನ್ನೇ ಮೊದಲು ಓದಿದರೆ ಪೀಟರ್ ಮದುವೆಯಾಗೆಂದು ಕೇಳುವ ಹ್ಯಾರಿಯಟ್ ಯಾಕೆ ಅಷ್ಟು ಹಿಂಜರಿಯುತ್ತಾಳೆ ಎನ್ನುವುದೇ ತಿಳಿಯದು. 'ದ ನೈನ್ ಟೇಲರ್ಸ್' (1934) ಚರ್ಚಿನ ಗಂಟೆ ಬಾರಿಸುವ ವಿದ್ಯೆಯ ಸುತ್ತ ಹೆಣೆದದ್ದು. ಗಂಟೆಗಳ ಕ್ರಮದ ಲೆಕ್ಕ ಅರ್ಥವಾಗಲಿಲ್ಲವೆಂದು ಅರ್ಧಕ್ಕೆ ನಿಲ್ಲಿಸಬೇಡಿ, ಆ ಭಾಗ ಮೇಲಿಂದ ಓದಿ ಮುಂದೆ ಹೋಗಿ.

*

ಈಗಿನ ಕಾಲದ್ದು ಬೇಕಾದರೆ ರಿಚರ್ಡ್ ಆಸ್ಮನ್ ಅವರ 'ದ ಥರ್ಸ್‌ಡೇ ಮರ್ಡರ್ ಕ್ಲಬ್' (2020): ಕೆಂಟ್‌ನ ಹಿರಿಯರ ವಸತಿಯಲ್ಲಿ ನಾಲ್ಕು ಜನ ವೃದ್ಧರು. ಅಧ್ಯಾಯಗಳು ತೀರಾ ಚಿಕ್ಕವು, ನಿಮ್ಮ ವೇಗಕ್ಕೆ ಒಗ್ಗುತ್ತದೆ. ಇದನ್ನು ಮಾತ್ರ ಮೊದಲ ಪುಸ್ತಕದಿಂದಲೇ ಓದಿ. ಯಾರ ಆರೋಗ್ಯ ಹೇಗಾಗುತ್ತಿದೆ ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುತ್ತದೆ, ನಡುವೆ ಹಿಡಿದರೆ ಆ ನೋವು ಮುಟ್ಟುವುದಿಲ್ಲ.