ದ್ವೇಷ ಭಾಷಣದ ಕಾನೂನು: ಸಮೀಕ್ಷೆಗಳ ಮಾತನ್ನು ಎಷ್ಟು ಒಪ್ಪಬಹುದು?

ಪ್ರಶ್ನೆ

ದ್ವೇಷ ಭಾಷಣಕ್ಕೆ ಪ್ರತ್ಯೇಕ ಕಾನೂನು ಬೇಕೆಂಬ ಚರ್ಚೆ ಎದ್ದಾಗಲೆಲ್ಲ ಬಹುಪಾಲು ಜನ ಕಠಿಣ ಶಿಕ್ಷೆಯನ್ನೇ ಬಯಸುತ್ತಾರೆಂದು ಕೆಲವರು ಒಂದು ಸಮೀಕ್ಷೆಯನ್ನು ಮುಂದಿಡುತ್ತಾರೆ. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೇ ಜನಬೆಂಬಲವಿದೆಯೆಂದು ಇನ್ನು ಕೆಲವರು ಮತ್ತೊಂದನ್ನು ತೋರಿಸುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಹೆಚ್ಚಿನ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನಗಳನ್ನು ಕೊಟ್ಟಿದ್ದವು, ಬಂದದ್ದು 293. ಎಣಿಸಿ ನೋಡಬಹುದಾದ ಮತದ ವಿಷಯದಲ್ಲಿಯೇ ಹೀಗಾದರೆ, ಅಭಿಪ್ರಾಯದ ಸಮೀಕ್ಷೆಯನ್ನು ಆಧಾರವಾಗಿಟ್ಟು ಶಾಸನ ರೂಪಿಸುವುದು ಸರಿಯೇ? ಈಗಿರುವ ಕಾನೂನು ನಿಜಕ್ಕೂ ಸಾಲದೇ?

ಮೊದಲ ಉತ್ತರ

ಮತಗಟ್ಟೆ ಸಮೀಕ್ಷೆಯ ಸೋಲನ್ನು ನೇರವಾಗಿ ಇಲ್ಲಿಗೆ ಅನ್ವಯಿಸಲಾಗದು, ಏಕೆಂದರೆ ಅಲ್ಲಿ ಮತಪ್ರಮಾಣವನ್ನು ಸ್ಥಾನಗಳಿಗೆ ಪರಿವರ್ತಿಸುವಾಗ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಅಭಿಪ್ರಾಯ ಸಮೀಕ್ಷೆಯ ತೊಂದರೆ ಬೇರೆ ಬಗೆಯದು, ನನ್ನ ಮಟ್ಟಿಗೆ ಹೆಚ್ಚು ಗಂಭೀರವಾದದ್ದು: ಅದನ್ನು ಸುಳ್ಳೆಂದು ಸಾಬೀತುಪಡಿಸುವ ಎಣಿಕೆಯ ದಿನವೇ ಅದಕ್ಕಿಲ್ಲ.

ಈ ವಿಷಯಕ್ಕೇ ಸಂಬಂಧಿಸಿದ ಹಳೆಯ ಪ್ರಯೋಗವೊಂದಿದೆ. ಜನಾಭಿಪ್ರಾಯ ಸಂಶೋಧಕ ಡೊನಾಲ್ಡ್ ರಗ್ 1941ರಲ್ಲಿ ಪ್ರಕಟಿಸಿದ ಅಮೆರಿಕದ ಫಲಿತಾಂಶದಲ್ಲಿ, ಪ್ರಜಾಪ್ರಭುತ್ವದ ವಿರುದ್ಧದ ಸಾರ್ವಜನಿಕ ಭಾಷಣಗಳನ್ನು ನಿಷೇಧಿಸಬೇಕೇ ಎಂದು ಕೇಳಿದಾಗ ಶೇ. 46ರಷ್ಟು ಜನ ಹೌದೆಂದರು. ಅಂಥದೇ ಮತ್ತೊಂದು ಗುಂಪಿಗೆ ಆ ಭಾಷಣಗಳಿಗೆ ಅವಕಾಶ ಕೊಡಬೇಕೇ ಎಂದು ಕೇಳಿದಾಗ ಶೇ. 62ರಷ್ಟು ಜನ ಬೇಡವೆಂದರು. ನೀತಿ ಒಂದೇ ಆಗಿದ್ದರೂ, ಮೊದಲ ಪ್ರಶ್ನೆಯಲ್ಲಿ ಬಹುಮತವಿಲ್ಲದ ನಿಲುವಿಗೆ ಎರಡನೆಯದರಲ್ಲಿ ಸ್ಪಷ್ಟ ಬಹುಮತ ಸಿಕ್ಕಿತು. ಆದ್ದರಿಂದ ಕೇಳಿದ ಪ್ರಶ್ನೆಯ ಪೂರ್ಣ ಪಾಠವನ್ನು ಪ್ರಕಟಿಸದ ಯಾವ ಸಮೀಕ್ಷೆಯನ್ನೂ ನಾನು ಈ ಚರ್ಚೆಯಲ್ಲಿ ಸಾಕ್ಷ್ಯವೆಂದು ಒಪ್ಪುವುದಿಲ್ಲ.

ಎರಡನೆಯ ಉತ್ತರ

ಕಾನೂನಿನ ಭಾಗಕ್ಕೆ ಉತ್ತರಿಸುತ್ತೇನೆ. ಗುಂಪುಗಳ ನಡುವೆ ವೈರ ಬೆಳೆಸುವುದನ್ನು ಮತ್ತು ಧಾರ್ಮಿಕ ಭಾವನೆಗಳನ್ನು ಬೇಕೆಂದೇ ಕೆರಳಿಸುವುದನ್ನು ಶಿಕ್ಷಿಸುವ ಐಪಿಸಿಯ (ಹಳೆಯ ಭಾರತೀಯ ದಂಡ ಸಂಹಿತೆಯ) 153ಎ ಮತ್ತು 295ಎ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299ನೇ ಕಲಮುಗಳಾಗಿ ಮುಂದುವರಿದಿವೆ. ಚುನಾವಣೆಯ ಸಂದರ್ಭದಲ್ಲಿ ವರ್ಗಗಳ ನಡುವೆ ವೈರ ಬಿತ್ತುವುದು ಜನಪ್ರತಿನಿಧಿ ಕಾಯ್ದೆಯ 125ನೇ ಕಲಮಿನಡಿ ಅಪರಾಧ. ಆದರೆ ಇವು ಯಾವುವೂ ದ್ವೇಷ ಭಾಷಣವೆಂದರೇನು ಎಂಬುದನ್ನು ವ್ಯಾಖ್ಯಾನಿಸಿಲ್ಲ. 2014ರಲ್ಲಿ ಪ್ರವಾಸಿ ಭಲಾಯಿ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಕಾನೂನು ಆಯೋಗಕ್ಕೆ ಒಪ್ಪಿಸಿತು. ಆಯೋಗವು 2017ರ ತನ್ನ 267ನೇ ವರದಿಯಲ್ಲಿ ದ್ವೇಷಕ್ಕೆ ಪ್ರಚೋದಿಸುವುದನ್ನು ಮತ್ತು ಭಯ ಹುಟ್ಟಿಸುವ ಮಾತನ್ನು ಶಿಕ್ಷಿಸಲು 153ಸಿ ಮತ್ತು 505ಎ ಎಂಬ ಹೊಸ ಕಲಮುಗಳನ್ನು ಸೇರಿಸಲು ಶಿಫಾರಸು ಮಾಡಿತು. ಹೊಸ ಸಂಹಿತೆ ಬರೆಯುವಾಗಲೂ ಆ ಕಲಮುಗಳು ಅದರೊಳಗೆ ಬರಲಿಲ್ಲ.

ನಿಜವಾದ ತಡೆ ಇರುವುದು ಪೂರ್ವಾನುಮತಿಯಲ್ಲಿ. ಅಪರಾಧ ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 217ನೇ ಕಲಮಿನಂತೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ 196 ಮತ್ತು 299ನೇ ಕಲಮುಗಳ ಪ್ರಕರಣಗಳನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಆಳುವ ಪಕ್ಷಕ್ಕೆ ಹತ್ತಿರದವರು ಮಾತನಾಡಿದ್ದರೆ ಆ ಅನುಮತಿ ಎಲ್ಲಿಂದ ಬರಬೇಕು? ದೂರಿಗಾಗಿ ಕಾಯದೆ ಪ್ರಕರಣ ದಾಖಲಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ದೆಹಲಿ, ಉತ್ತರ ಪ್ರದೇಶ ಮತ್ತು ಉತ್ತರಾಖಂಡಕ್ಕೆ ಆದೇಶಿಸಿ, 2023ರ ಏಪ್ರಿಲ್‌ನಲ್ಲಿ ಅದನ್ನು ಎಲ್ಲ ರಾಜ್ಯಗಳಿಗೆ ವಿಸ್ತರಿಸಿತು. ಎಫ್‌ಐಆರ್ ದಾಖಲಾದ ಮಾತ್ರಕ್ಕೆ ಪೂರ್ವಾನುಮತಿಯ ಈ ತಡೆ ದಾಟಿದಂತಾಗುವುದಿಲ್ಲ. ಹೀಗಿರುವಾಗ ಶಿಕ್ಷೆಯ ಅವಧಿಯನ್ನು ಮಾತ್ರ ಹೆಚ್ಚಿಸುವ ತಿದ್ದುಪಡಿ, ಎಷ್ಟೇ ಜನಪ್ರಿಯವಾಗಿದ್ದರೂ, ಬಲಶಾಲಿಗಳನ್ನು ಮುಟ್ಟದೆ ದುರ್ಬಲರ ಮೇಲೆ ಬೀಳುವ ಅಪಾಯವೇ ಹೆಚ್ಚು.

ಪ್ರಶ್ನೆ ಕೇಳಿದವರು

ಎರಡೂ ಉತ್ತರಗಳಿಗೆ ಕೃತಜ್ಞತೆಗಳು. ಆದರೂ ಪ್ರಜಾಪ್ರಭುತ್ವದಲ್ಲಿ ಜನಾಭಿಪ್ರಾಯವನ್ನು ಪೂರ್ತಿ ಬದಿಗಿಡುವುದು ಹೇಗೆ ಎಂಬ ಅಳುಕು ನನಗೆ ಉಳಿದಿದೆ.

ಮೂರನೆಯ ಉತ್ತರ

ಬದಿಗಿಡಬೇಕಾಗಿಲ್ಲ, ಆದರೆ ಯಾರ ಅಭಿಪ್ರಾಯ ಅದರಲ್ಲಿ ಕೇಳಿಸುತ್ತಿಲ್ಲ ಎಂಬುದನ್ನು ನೋಡಬೇಕು. ಯಾದೃಚ್ಛಿಕವಾಗಿ ಆಯ್ದ ಸಾವಿರ ಜನರ ಸಮೀಕ್ಷೆಯಲ್ಲಿ ತಪ್ಪಿನ ಅಂತರ, ಅಂದರೆ ಫಲಿತಾಂಶ ನಿಜಕ್ಕಿಂತ ಹೆಚ್ಚು ಕಡಿಮೆ ಆಗಬಹುದಾದ ಪ್ರಮಾಣ, ಸುಮಾರು ಶೇ. 3ರಷ್ಟು. ದ್ವೇಷಕ್ಕೆ ಗುರಿಯಾಗುವ ಸಮುದಾಯವೊಂದು ಜನಸಂಖ್ಯೆಯ ಶೇ. 5ರಷ್ಟಿದ್ದರೆ ಆ ಸಾವಿರದಲ್ಲಿ ಸಿಗುವವರು ಸುಮಾರು 50 ಮಂದಿ. ಅವರ ಉತ್ತರಗಳನ್ನಷ್ಟೇ ಬೇರ್ಪಡಿಸಿ ನೋಡಿದರೆ ತಪ್ಪಿನ ಅಂತರ ಶೇ. 14ರ ಹತ್ತಿರಕ್ಕೆ ಹೋಗುತ್ತದೆ. ಅಂದರೆ ಆ ಮಾತುಗಳ ಪೆಟ್ಟು ತಿನ್ನುವವರ ಬಗ್ಗೆಯೇ ಸಮೀಕ್ಷೆಗೆ ಅತ್ಯಂತ ಕಡಿಮೆ ಗೊತ್ತಿರುತ್ತದೆ. ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯವಾಗಲಿ, ಅದರ ಮೇಲೆ 19(2) ಅನುಮತಿಸುವ ನಿರ್ಬಂಧಗಳಾಗಲಿ ಬಹುಮತದ ಮನಸ್ಥಿತಿಯೊಂದಿಗೆ ಏರಿಳಿಯಬಾರದೆಂಬುದೂ ಇದಕ್ಕಾಗಿಯೇ. ಬರಿಯ ಚರ್ಚೆ ಅಥವಾ ಪ್ರತಿಪಾದನೆ, ಅದು ಎಷ್ಟೇ ಅಪ್ರಿಯವಾಗಿದ್ದರೂ, ಪ್ರಚೋದನೆಯ ಮಟ್ಟ ತಲುಪದೆ ನಿರ್ಬಂಧಕ್ಕೆ ಒಳಗಾಗದು ಎಂದು ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಲ್ ತೀರ್ಪು ಹೇಳಿತು. ಇಂಥ ಗೆರೆಯನ್ನು ಹೌದು ಅಥವಾ ಇಲ್ಲ ಎಂಬ ಉತ್ತರದಲ್ಲಿ ಅಳೆಯಲಾಗದು.

ಜನರ ನಿಲುವು ನಿಜವಾಗಿ ತಿಳಿಯಬೇಕಾದರೆ ಒಂದೇ ಭಾಷಣದ ಪಾಠವನ್ನು ಎರಡು ಗುಂಪುಗಳಿಗೆ ಕೊಟ್ಟು, ಗುರಿಯಾದ ಸಮುದಾಯದ ಹೆಸರನ್ನು ಮಾತ್ರ ಬದಲಿಸಿ, ಇದು ಶಿಕ್ಷಾರ್ಹವೇ ಎಂದು ಕೇಳಬೇಕು. ಎರಡೂ ಗುಂಪುಗಳ ಉತ್ತರದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ, ಅವರು ಬಯಸುತ್ತಿರುವುದು ಎಲ್ಲರಿಗೂ ಸಮಾನವಾದ ಕಾನೂನನ್ನಲ್ಲ ಎಂದು ತಿಳಿಯುತ್ತದೆ, ಮತ್ತು ಶಾಸನ ರೂಪಿಸುವವರು ಮೊದಲು ಗಮನಿಸಬೇಕಾದ ಅಂಕಿಯೂ ಅದೇ.