ಅವ್ವನ ವೀಡಿಯೊ ಕಾಲ್‌ನಲ್ಲಿ ಬರೀ ಕಿವಿ ಕಾಣುತ್ತೆ, ಏನು ಮಾಡೋದು?

ಮದ್ದೂರು ಕಡೆಯವ:

ಎಲ್ಲರಿಗೂ ನಮಸ್ಕಾರ. ನಾನಿರೋದು ಮೈಸೂರಿನ ಕುವೆಂಪುನಗರದಲ್ಲಿ. ಅವ್ವ ಊರಲ್ಲೇ ಇದ್ದಾಳೆ, ಮದ್ದೂರಿನಿಂದ ಸ್ವಲ್ಪ ಒಳಗೆ. ವಯಸ್ಸು 74. ತಂಗಿ, ಭಾವ, ಆರು ವರ್ಷದ ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಯುಗಾದಿಗೆ ಅವ್ವನಿಗೆ ಹೊಸ ಆಂಡ್ರಾಯ್ಡ್ ಫೋನ್ ತಂದುಕೊಟ್ಟೆ. ಮೊಮ್ಮಗನ ಮುಖ ನೋಡಿಕೊಂಡು ಮಾತಾಡಲಿ ಅಂತ.

ಮಾಮೂಲಿ ಫೋನ್ ಬಂದರೆ ಸಲೀಸಾಗಿ ಎತ್ತುತ್ತಾಳೆ. ವಾಟ್ಸಾಪ್ ವೀಡಿಯೊ ಬಂದರೆ ಮಾತ್ರ ಕಷ್ಟ. ಹತ್ತು ಸಲ ಮಾಡಿದರೆ ಮೂರು ಸಲ ಎತ್ತುತ್ತಾಳೆ, ಎತ್ತಿದ ತಕ್ಷಣ ಕಿವಿಗೆ ಇಟ್ಟುಕೊಳ್ಳುತ್ತಾಳೆ. ತಂಗಿಗೆ ಕಾಣೋದು ಅವ್ವನ ಕಿವಿ, ಬೆಂಡೋಲೆ, ಸ್ವಲ್ಪ ನರೆತ ಕೂದಲು, ಅಷ್ಟೇ. ಅಳಿಯ ಈಗ ಅವಳಿಗೆ 'ಓಲೆ ಅಜ್ಜಿ' ಅಂತಾನೇ ಹೆಸರಿಟ್ಟಿದ್ದಾನೆ. ಆಮೇಲೆ ಕೆನ್ನೆ ಎಲ್ಲೋ ತಾಗಿ ಕಾಲ್ ಕಟ್ ಆಗುತ್ತೆ.

ಮೂರು ಭಾನುವಾರ ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. ನಾನು ಎದುರಿಗೆ ಇದ್ದಾಗ ಎಲ್ಲ ಬರುತ್ತೆ. ನಾನು ಬಸ್ ಹತ್ತಿದ ಮೇಲೆ ಏನೂ ಬರಲ್ಲ. "ಒತ್ತುದ್ರೂ ಎತ್ಕಳಕಿಲ್ಲ ಕಣ್ಲಾ ಇದು" ಅಂತಾಳೆ. ಹೋದ ವಾರ "ನಂಗ್ಯಾಕ್ಲಾ ಈ ರಗಳೆ, ಮಾತು ಕೇಳುದ್ರೆ ಸಾಲ್ದಾ" ಅಂತ ಫೋನನ್ನೇ ಬೀರುವಿನಲ್ಲಿ ಇಟ್ಟುಬಿಟ್ಟಿದ್ದಾಳೆ. ಅವತ್ತು ತಂಗಿ ಅತ್ತಳು.

ಮನೆಯಲ್ಲಿ ವಯಸ್ಸಾದವರಿಗೆ ಇದನ್ನು ಕಲಿಸಿದವರು ಯಾರಾದರೂ ಇದ್ದರೆ ಹೇಳಿ. 'ತಾಳ್ಮೆ ಇರಲಿ' ಅನ್ನೋದು ಬಿಟ್ಟು ಬೇರೆ ಏನಾದರೂ.

ಬೊಂಬೆಮನೆ, ಸರಸ್ವತಿಪುರಂ:

'ಒತ್ತಿದರೂ ಎತ್ತಿಕೊಳ್ಳಲ್ಲ' ಅನ್ನೋದು ನಿಜ ಇರಬಹುದು, ಅವರ ತಪ್ಪು ಅಂತ ಅಂದುಕೊಳ್ಳಬೇಡಿ. ನಮ್ಮ ಅತ್ತೆಗೂ ಇದೇ ಆಗಿತ್ತು. ಟಚ್ ಸ್ಕ್ರೀನ್ ಕೆಲಸ ಮಾಡೋದು ಬೆರಳಿನ ಒತ್ತಡಕ್ಕಲ್ಲ, ಚರ್ಮದ ಮೂಲಕ ಹರಿಯುವ ಸಣ್ಣ ವಿದ್ಯುತ್ತಿಗೆ. ವಯಸ್ಸಾದ ಮೇಲೆ ಬೆರಳ ತುದಿ ಒಣಗಿರುತ್ತೆ. ಹೊಲ ಗದ್ದೆ, ಒಲೆ ಮುಂದೆ ದುಡಿದ ಕೈ ಆದರೆ ಒರಟಾಗಿಯೂ ಇರುತ್ತೆ. ಅದರ ಮೇಲೆ ಅಂಗಡಿಯವರು ಅಂಟಿಸಿದ ದಪ್ಪ ಗಾಜು ಬೇರೆ. ಫೋನಿಗೆ ಬೆರಳು ಇರೋದೇ ಗೊತ್ತಾಗಲ್ಲ. ಆಗ ಇವರು ಏನು ಮಾಡ್ತಾರೆ? ಇನ್ನೂ ಜೋರಾಗಿ, ಇನ್ನೂ ಜಾಸ್ತಿ ಹೊತ್ತು ಒತ್ತುತ್ತಾರೆ. ಅದು 'ಲಾಂಗ್ ಪ್ರೆಸ್' ಆಗಿ ಬೇಡದ್ದೇನೋ ತೆರೆದುಕೊಳ್ಳುತ್ತೆ. ಅವರು ಹೆದರಿ ಫೋನ್ ಕೆಳಗಿಡುತ್ತಾರೆ.

ಒದ್ದೆ ಬಟ್ಟೆಗೆ ಬೆರಳು ಒರೆಸಿಕೊಂಡು ಆಮೇಲೆ ಮುಟ್ಟಿ ನೋಡಲಿ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ 'ಟಚ್ ಆಂಡ್ ಹೋಲ್ಡ್ ಡಿಲೇ' ಅಂತ ಇರುತ್ತೆ, ಅದನ್ನು 'ಲಾಂಗ್' ಮಾಡಿ. ಜಾಸ್ತಿ ಹೊತ್ತು ಒತ್ತಿದರೂ ಸಾಮಾನ್ಯ ಒತ್ತು ಅಂತಲೇ ತಗೊಳ್ಳುತ್ತೆ. ನಮ್ಮ ಮನೆಯಲ್ಲಿ ಅರ್ಧ ಜಗಳ ಇದರಿಂದಲೇ ನಿಂತಿದ್ದು.

ಇನ್ನು ಕಿವಿಗೆ ಇಡೋದು. ಕೈಯಲ್ಲಿ ಫೋನ್ ಇದ್ದರೆ ಅದು ಕಿವಿಗೇ ಹೋಗುತ್ತೆ, ಮೂವತ್ತು ವರ್ಷದ ಅಭ್ಯಾಸ ಅದು. ಅದಕ್ಕೆ ಫೋನ್ ಕೈಯಲ್ಲೇ ಇರಬಾರದು. ನಾವು ಸ್ಟ್ಯಾಂಡ್ ಏನೂ ಕೊಳ್ಳಲಿಲ್ಲ. ಮಾವನವರು ಪಾರಾಯಣಕ್ಕೆ ಇಟ್ಟುಕೊಳ್ಳುತ್ತಿದ್ದ ಮರದ ವ್ಯಾಸಪೀಠ ಇತ್ತು, ಅದರ ಮೇಲೆ ಇಟ್ಟೆವು. ಚೆನ್ನಾಗಿ ಕೂತಿತು. ಆದರೆ ಆ ಕಡೆಯಿಂದ ಅತ್ತೆಯ ಮಗಳು "ಅಮ್ಮ ಬಾವಿಯೊಳಗಿಂದ ಮಾತಾಡಿದ ಹಾಗಿದೆ" ಅಂದಳು. ನೋಡಿದರೆ ಫೋನಿನ ಮೈಕು, ಸ್ಪೀಕರು ಎರಡೂ ಕೆಳ ಅಂಚಿನಲ್ಲಿವೆ, ವ್ಯಾಸಪೀಠದ ಪಟ್ಟಿ ಅವನ್ನೇ ಮುಚ್ಚಿಬಿಟ್ಟಿದೆ! ಫೋನ್ ಅಡ್ಡ ಮಲಗಿಸಿದೆವು, ಸರಿಹೋಯ್ತು. ಮುಖವೂ ಅಗಲವಾಗಿ ಕಾಣುತ್ತೆ.

ಸುಮ್ನೆ ಹೇಳ್ದೆ:

ಇಷ್ಟೆಲ್ಲ ಯಾಕೆ, ದೊಡ್ಡ ಟ್ಯಾಬ್ ಒಂದು ಕೊಡಿಸಿ. ಮುಗೀತು.

ಮದ್ದೂರು ಕಡೆಯವ:

ಈಗಿರೋ ಫೋನೇ ಬೀರುವಿನಲ್ಲಿದೆ ಗುರು. ಟ್ಯಾಬ್ ಕೊಡಿಸಿದರೆ ಅಟ್ಟಕ್ಕೆ ಹೋಗುತ್ತೆ.

ಮಂಡ್ಯ ಮೊಬೈಲು:

ನಂದು ಮಂಡ್ಯದಲ್ಲಿ ರಿಪೇರಿ ಅಂಗಡಿ. ವಾರಕ್ಕೆ ನಾಲ್ಕೈದು ಜನ ಇದೇ ಕೇಸ್ ತರುತ್ತಾರೆ, "ಫೋನ್ ಕೆಟ್ಟೋಗಿದೆ ನೋಡಪ್ಪ" ಅಂತ. ಜಾಸ್ತಿ ಫೋನುಗಳಲ್ಲಿ ಏನೂ ಕೆಟ್ಟಿರಲ್ಲ. ಒಂದರಲ್ಲಿ ಸದ್ದೇ ಬರದ ಹಾಗೆ 'ಡು ನಾಟ್ ಡಿಸ್ಟರ್ಬ್' ಆನ್ ಆಗಿರುತ್ತೆ. ಇನ್ನೊಂದರಲ್ಲಿ ವಾಟ್ಸಾಪ್‌ಗೆ ನೋಟಿಫಿಕೇಶನ್ ಅನುಮತಿ ಕೊಟ್ಟಿರಲ್ಲ, ಬ್ಯಾಟರಿ ಸೇವರ್ ಅದನ್ನು ಮಲಗಿಸಿರುತ್ತೆ. ಕಾಲ್ ಬಂದದ್ದೇ ಗೊತ್ತಾಗಲ್ಲ, ಮಕ್ಕಳು ಅಲ್ಲಿಂದ "ಎತ್ತಲ್ಲ" ಅಂತ ಬೈಯುತ್ತಾರೆ. ಗುಡ್ ಮಾರ್ನಿಂಗ್ ಫೋಟೋಗಳು ತುಂಬಿ ಸ್ಟೋರೇಜ್ ಫುಲ್ ಆಗಿರೋದೂ ಉಂಟು. ಮೀಡಿಯಾ ಆಟೋ ಡೌನ್‌ಲೋಡ್ ನಿಲ್ಲಿಸಿ ಕೊಡಿ.

ಒಂದು ವಿಷಯ ಯಾರೂ ಗಮನಿಸಲ್ಲ. ಫೋನ್ ಲಾಕ್ ಆಗಿದ್ದಾಗ ವಾಟ್ಸಾಪ್ ಕಾಲ್ ಬಂದರೆ ಸ್ಕ್ರೀನ್ ತುಂಬಾ ಬರುತ್ತೆ, ಹಸಿರು ಗುಂಡಿಯನ್ನು ಮೇಲಕ್ಕೆ ಎಳೆಯಬೇಕು. ಅದೇ ಫೋನ್ ತೆರೆದಿದ್ದಾಗ ಬಂದರೆ ಮೇಲೆ ಸಣ್ಣ ಪಟ್ಟಿ ಬರುತ್ತೆ, ಅಲ್ಲಿ ಸುಮ್ನೆ ಒತ್ತಬೇಕು. ಒಂದೇ ಕಾಲ್, ಎರಡು ವೇಷ! ನೀವು ಪಕ್ಕದಲ್ಲಿ ಕೂತು ಕಲಿಸುವಾಗ ಫೋನ್ ತೆರೆದೇ ಇರುತ್ತೆ, ಒತ್ತೋದನ್ನು ಕಲಿಸಿ ಬಂದಿರುತ್ತೀರಿ. ನಿಮ್ಮ ತಂಗಿ ಮಾಡುವಾಗ ಲಾಕ್ ಆಗಿರುತ್ತೆ. ಅವರು ಒತ್ತುತ್ತಾರೆ, ಎಳೆಯಲ್ಲ. ಮುಂದಿನ ಸಲ ಫೋನ್ ಲಾಕ್ ಮಾಡಿ ಅವರ ಮುಂದಿಟ್ಟು, ನೀವು ಹಟ್ಟಿ ಕಡೆಗೋ ಜಗಲಿಗೋ ಹೋಗಿ ಅಲ್ಲಿಂದ ಕಾಲ್ ಮಾಡಿ. ಹತ್ತು ಸಲ ಮಾಡಿ. ಒಳಗೆ ಬಂದು ಫೋನ್ ಕಿತ್ತುಕೊಳ್ಳಬೇಡಿ.

ಅವರೇ ಕಾಲ್ ಮಾಡೋ ಹಾಗೆ ಆಗಬೇಕು ಅಂದರೆ, ತಂಗಿಯ ಚಾಟ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿ, 'ಮೋರ್' ಒಳಗೆ 'ಆ್ಯಡ್ ಶಾರ್ಟ್‌ಕಟ್' ಕೊಡಿ. ತಂಗಿಯ ಮುಖ ಹೋಮ್ ಸ್ಕ್ರೀನಿಗೇ ಬಂದು ಕೂರುತ್ತೆ. ಪ್ರೊಫೈಲ್ ಫೋಟೋದಲ್ಲಿ ಮುಖ ಸರಿಯಾಗಿ ಕಾಣಬೇಕು, ಹೂವು ದೇವರು ಹಾಕಿದ್ದರೆ ಬದಲಿಸಲು ಹೇಳಿ. ಉಳಿದ ಐಕಾನ್ ಎಲ್ಲ ಹಿಂದಿನ ಪುಟಕ್ಕೆ ತಳ್ಳಿ. ಬಹಳಷ್ಟು ಫೋನುಗಳಲ್ಲಿ ಹೋಮ್ ಸ್ಕ್ರೀನ್ ಅಲುಗಾಡದ ಹಾಗೆ ಲಾಕ್ ಮಾಡಬಹುದು, ಅದನ್ನೂ ಮಾಡಿ. ಇಲ್ಲ ಅಂದರೆ ನಾಳೆ ಮಗಳು ಮಾಯ.

ರಿಟೈರ್ಡ್ ಟೀಚರ್:

ನಾನೇ ಆ ವಯಸ್ಸಿನವಳು, 71. ಮೈಸೂರಲ್ಲಿ ಒಬ್ಬಳೇ ಇರೋದು. ನಿಮ್ಮ ತಾಯಿ ಪರವಾಗಿ ಎರಡು ಮಾತು ಹೇಳಲಾ?

ನೀವೆಲ್ಲ ವೀಡಿಯೊ ಕಾಲ್ ಅಂದರೆ ಫೋನ್ ಕಾಲ್‌ಗಿಂತ ಒಂದು ಮೆಟ್ಟಿಲು ಮೇಲೆ ಅಂದುಕೊಂಡಿದ್ದೀರಿ. ನಮಗೆ ಅದು ಹೇಳದೆ ಕೇಳದೆ ನಡುಮನೆಗೆ ಬಂದ ಹಾಗೆ. ತಲೆ ಬಾಚಿರಲ್ಲ. ಹಳೇ ಸೀರೆ ಉಟ್ಟಿರುತ್ತೇವೆ. ಹಲ್ಲುಸೆಟ್ಟು ಬಟ್ಟಲಲ್ಲಿರುತ್ತೆ. ಅಲ್ಲಿ ಅಳಿಯಂದಿರು ಸೋಫಾ ಮೇಲೆ ಕೂತಿರುತ್ತಾರೆ. ಫೋನ್ ಕಿವಿಗೆ ಇಟ್ಟುಕೊಂಡರೆ ಮುಖ ಕಾಣಲ್ಲ ಅಲ್ವಾ? ನಿಮ್ಮ ಅವ್ವನಿಗೆ ಅದು ಗೊತ್ತಿಲ್ಲ ಅಂತ ನನಗೇನೂ ಅನ್ನಿಸಲ್ಲ!

ನನ್ನ ಮಗನಿಗೆ ಹೇಳಿಬಿಟ್ಟಿದ್ದೇನೆ. ಮೊದಲು ಮಾಮೂಲಿ ಫೋನ್ ಮಾಡು, "ಅಮ್ಮ, ಹತ್ತು ನಿಮಿಷ ಬಿಟ್ಟು ಮುಖ ತೋರಿಸು" ಅನ್ನು. ಅಷ್ಟರಲ್ಲಿ ಕನ್ನಡಕ ಹುಡುಕಿ, ಒಂದು ಹೂವು ಮುಡಿದು ಕೂತಿರುತ್ತೇನೆ. ಗೊತ್ತಾದ ದಿನ, ಗೊತ್ತಾದ ಹೊತ್ತು ಇದ್ದರೆ ಇನ್ನೂ ಒಳ್ಳೆಯದು. ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನಮಗೆ ಭಾನುವಾರ ಬೆಳಿಗ್ಗೆ 8 ಆದರೆ ಅವರಿಗೆ ಶನಿವಾರ ಸಂಜೆ ಏಳೂವರೆ, ಮಗು ಊಟಕ್ಕೆ ಕೂರೋ ಹೊತ್ತು. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಹದಿಮೂರೂವರೆ ಗಂಟೆ ವ್ಯತ್ಯಾಸ. ಆಗ ನಿಮ್ಮ ತಾಯಿಯ ಹೊತ್ತು ಬದಲಾಯಿಸಬೇಡಿ, ತಂಗಿ ತನ್ನದು ಬದಲಾಯಿಸಿಕೊಳ್ಳಲಿ.

ಕಿವಿಯ ವಿಷಯವೂ ಇದೆ. ವಯಸ್ಸಾದ ಮೇಲೆ ಮೊದಲು ಹೋಗೋದು ಸಣ್ಣ, ತೆಳು ದನಿಗಳು. ಮಕ್ಕಳ ಮಾತು ಸದ್ದಾಗಿ ಕೇಳುತ್ತೆ, ಮಾತಾಗಿ ಕೇಳಲ್ಲ. ಮೊಮ್ಮಗ ಏನೋ ಕೇಳುತ್ತಾನೆ, ನಾವು "ಹೂಂ ಕಂದ" ಅಂತೀವಿ, ಅವನು ಎದ್ದು ಹೋಗುತ್ತಾನೆ. ತುಟಿ ಕಂಡರೆ ಅರ್ಧ ಅರ್ಥವಾಗುತ್ತೆ. ಅದಕ್ಕೆ ತಂಗಿಗೆ ಹೇಳಿ, ಕಿಟಕಿಗೆ ಬೆನ್ನು ಮಾಡಿ ಕೂರಬೇಡ, ಮುಖ ಕಪ್ಪಗೆ ಕಾಣುತ್ತೆ. ಅಡುಗೆ ಮಾಡ್ತಾ ಓಡಾಡ್ತಾ ಮಾತಾಡಬೇಡ. ಒಬ್ಬೊಬ್ಬರೇ ಮಾತಾಡಿ. ಈಗ ಒಂದೇ ಕಾಲ್‌ನಲ್ಲಿ 32 ಜನ ಸೇರಬಹುದಂತೆ. ಸೇರಬಹುದು, ಆದರೆ ಎಲ್ಲರ ಮುಖ ಅವರೆಕಾಳಿನಷ್ಟು ಆಗುತ್ತೆ. ನಾವು ಓದಿದ ಕಾಲದ ಗೆಳತಿಯರು ನಾಲ್ಕು ಜನ ಸೇರುತ್ತೇವೆ, ಅದೇ ಹದ.

ಕೊನೇದಾಗಿ ಒಂದು. "ಊಟ ಆಯ್ತಾ, ಹುಷಾರಾಗಿದ್ದೀಯಾ" ಅಂತ ಕೇಳೋದಕ್ಕೆ ಮುಖ ಬೇಕಾಗಿಲ್ಲ, ಮಾಮೂಲಿ ಫೋನೇ ಸಾಕು. ನೋಡೋದಕ್ಕೆ ಏನಾದರೂ ಇರಬೇಕು.

ಬೊಂಬೆಮನೆ, ಸರಸ್ವತಿಪುರಂ:

ಟೀಚರಮ್ಮ, ನೂರಕ್ಕೆ ನೂರು ನಿಜ. ನಮ್ಮ ಅತ್ತೆ ಹಿಂದಿನ ಕ್ಯಾಮೆರಾಕ್ಕೆ ತಿರುಗಿಸೋದು ಕಲಿತಿದ್ದೇ ನವರಾತ್ರಿಯಲ್ಲಿ. ಮಗಳು ಮೆಲ್ಬರ್ನ್‌ನಲ್ಲಿ, ಇಲ್ಲಿ ಸಂಜೆ ಆರತಿ ಹೊತ್ತಿಗೆ ಅಲ್ಲಿ ಮಧ್ಯರಾತ್ರಿ ಹತ್ತಿರ. ಅದಕ್ಕೆ ಮಧ್ಯಾಹ್ನವೇ ಕೂತು, ಪಟ್ಟದ ಬೊಂಬೆಯಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ತೋರಿಸಿದರು. ನಾನು ಹೇಳಿಕೊಟ್ಟಾಗ ಬರದ ಬಟನ್ನು ಅವತ್ತು ಒಂದೇ ಸಲಕ್ಕೆ ಬಂತು.

ಮದ್ದೂರು ಕಡೆಯವ:

ಟೀಚರ್, ಹಲ್ಲುಸೆಟ್ಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಕೇಳೋದಕ್ಕೂ ಒಂಥರಾ ಆಗುತ್ತೆ, ತಂಗಿ ಕೈಲಿ ಕೇಳಿಸುತ್ತೇನೆ. ಇನ್ನೊಂದು ಹೆದರಿಕೆ ಇದೆ. ಇವಳು ಎಲ್ಲ ಕಾಲ್ ಎತ್ತೋದು ಕಲಿತ ಮೇಲೆ ಕಳ್ಳರ ಕಾಲ್ ಬಂದರೆ?

ಮಂಡ್ಯ ಮೊಬೈಲು:

ವಾಟ್ಸಾಪ್ ಸೆಟ್ಟಿಂಗ್ಸ್, ಪ್ರೈವೆಸಿ, ಕಾಲ್ಸ್. ಅಲ್ಲಿ 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಆನ್ ಮಾಡಿ. ಹೆಸರು ಸೇವ್ ಆಗಿರದ ನಂಬರಿನ ವಾಟ್ಸಾಪ್ ಕಾಲ್ ರಿಂಗೇ ಆಗಲ್ಲ, ಲಿಸ್ಟಿನಲ್ಲಿ ಮಾತ್ರ ಕಾಣುತ್ತೆ. ತಂಗಿಯ ಎಲ್ಲ ನಂಬರು ಮೊದಲೇ ಸೇವ್ ಮಾಡಿಡಿ ಮತ್ತೆ.

ಪೊಲೀಸ್ ಬಟ್ಟೆ ಹಾಕಿಕೊಂಡು ವೀಡಿಯೊದಲ್ಲಿ ಬಂದು 'ಡಿಜಿಟಲ್ ಅರೆಸ್ಟ್' ಅಂತಾರಲ್ಲ, ಆ ತರಹದ ಅರೆಸ್ಟು ಕಾನೂನಿನಲ್ಲೇ ಇಲ್ಲ. ಅದನ್ನು ಅವ್ವನಿಗೆ ಒಂದು ಸಲ ಬಿಡಿಸಿ ಹೇಳಿ. ಯಾರಾದರೂ ಸ್ಕ್ರೀನ್ ಶೇರ್ ಮಾಡಿ ಅಂದರೆ ಕಟ್ ಮಾಡೋದು, ಅಷ್ಟೇ. ಒಟಿಪಿ ಎಲ್ಲ ಅವರಿಗೆ ಕಾಣುತ್ತೆ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕೆಲವರು ಮಕ್ಕಳು ದೂರದಿಂದ ಕಲಿಸೋದಕ್ಕೆ ಇದೇ ಸ್ಕ್ರೀನ್ ಶೇರ್ ಬಳಸುತ್ತಾರೆ, ಒಳ್ಳೆ ಉಪಾಯವೇ. ಆದರೆ ಆ ಬಟನ್ ಹುಡುಕೋಕೆ ಬರೋರಿಗೆ ಬೇರೆ ಕಲಿಸೋದು ಏನಿರುತ್ತೆ ಹೇಳಿ!

ಮದ್ದೂರು ಕಡೆಯವ:

ಎರಡು ವಾರ ಆಯ್ತು, ಆಗಿದ್ದು ಹೇಳ್ತೀನಿ.

ದಪ್ಪ ಗಾಜು ಕಿತ್ತು ಹಾಕಿದೆ. ಮಂಡ್ಯದವರು ಹೇಳಿದ ಹಾಗೆ ಜಗಲಿಯಿಂದ ಕಾಲ್ ಮಾಡ್ತಾ ಕೂತೆ. ಮೊದಲ ನಾಲ್ಕು ಹೋಯ್ತು. ಐದನೇದಕ್ಕೆ ಎಳೆದಳು. ಎಂಟನೇದಕ್ಕೆ ನನ್ನ ಮುಖ ನೋಡಿ "ಇಲ್ಲೇ ಇದ್ಕಂಡು ಎಷ್ಟ್ ಸಲ ಮಾಡಿಯೇ, ಕರೆಂಟು ಖರ್ಚು" ಅಂತ ಬೈದಳು. ಬೈದಿದ್ದು ವೀಡಿಯೊದಲ್ಲೇ, ನನಗೆ ಖುಷಿಯಾಯ್ತು. ನಮ್ಮನೆಯಲ್ಲಿ ವ್ಯಾಸಪೀಠ ಇಲ್ಲ. ನೀರು ತುಂಬಿದ ಹಿತ್ತಾಳೆ ಚೊಂಬಿಗೆ ಫೋನ್ ಅಡ್ಡ ಒರಗಿಸಿ ಇಟ್ಟಿದ್ದೇವೆ, ಅದರಲ್ಲೇ ಬೆರಳು ಅದ್ದಿಕೊಂಡು ಸೆರಗಿಗೆ ಒರೆಸಿಕೊಳ್ಳುತ್ತಾಳೆ.

ಭಾನುವಾರ 8ಕ್ಕೆ ತಂಗಿ ಮಾಡಿದಳು. ಹೋದ ವಾರ ಅಳಿಯ ತನ್ನ ಕುಂಡದಲ್ಲಿ ಹಾಕಿದ ಮೆಂತ್ಯ ತೋರಿಸಿದ, ಬಿತ್ತಿದ್ದು ಅವ್ವ ಕಳಿಸಿದ ಬೀಜ. "ಒತ್ತಾಗಿ ಹಾಕ್ಬುಟ್ಟಿದ್ದೀಯ ಮಗ, ಅರ್ಧ ಕಿತ್ತು ಸಾರಿಗೆ ಹಾಕು" ಅಂದಳು. ಈ ವಾರ ಅವನು ಕಿತ್ತಿದ್ದನ್ನು ತೋರಿಸಲು ಕಾಯುತ್ತಿದ್ದ. ಕಾಲ್ ನಲವತ್ತು ನಿಮಿಷ ನಡೆಯಿತು. ಹಲ್ಲುಸೆಟ್ಟಿನ ಬಗ್ಗೆ ತಂಗಿಯೂ ಕೇಳಲಿಲ್ಲ, ಬಿಡಿ.

ಮುಗಿದ ಮೇಲೆ ಅವ್ವ ನಿಧಾನಕ್ಕೆ ಕೇಳಿದಳು: "ಮಳವಳ್ಳಿ ಅಕ್ಕನ್ನೂ ಇದ್ರಲ್ಲಿ ಹಾಕ್ಕೊಡ್ಲಾ." ದೊಡ್ಡವ್ವನಿಗೆ 79, ಮೊಣಕಾಲು ನೋವು, ಇಬ್ಬರೂ ಮುಖ ನೋಡಿ ವರ್ಷದ ಮೇಲಾಯ್ತು. ಶಾರ್ಟ್‌ಕಟ್ ಹಾಕಿಕೊಟ್ಟೆ. ಅಲ್ಲಿ ದೊಡ್ಡವ್ವನ ಮೊಮ್ಮಗಳು ಫೋನ್ ಎತ್ತಿ ಕೈಗೆ ಕೊಟ್ಟಳು. ಈಗ ನಾನು ಜಗಲಿಯಲ್ಲಿ ಕೂತು ಇದನ್ನು ಟೈಪ್ ಮಾಡ್ತಿದ್ದೀನಿ, ಒಳಗಿಂದ ಅವ್ವ ಕೂಗೋದು ಬೀದಿಗೆಲ್ಲ ಕೇಳ್ತಿದೆ: "ಕಿವಿಯಿಂದ ತಗ್ಯಕ್ಕಾ ಅದ್ನ, ಬರೀ ಓಲೆ ಕಾಣ್ತದೆ!"