ಹಿಂದಿ, ಕನ್ನಡ ಕಲಿಸೋಕೆ ಹೊರದೇಶದಲ್ಲಿ ಕೆಲಸ ಸಿಗುತ್ತಾ? ಏಜೆಂಟ್ ಒಂದೂವರೆ ಲಕ್ಷ ಕೇಳ್ತಿದ್ದಾನೆ

ತೀರ್ಥಹಳ್ಳಿ ಟೀಚರ್:
ನನಗೆ 28 ವರ್ಷ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂಎ, ಆಮೇಲೆ ಬಿಎಡ್. ನಾಲ್ಕು ವರ್ಷದಿಂದ ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದೇನೆ. ಸಂಬಳ 14 ಸಾವಿರ, ಅದೂ ಬೇಸಿಗೆ ರಜೆಯಲ್ಲಿ ಅರ್ಧ. ಹೊರದೇಶದ ಟೀಚರ್ ಕೆಲಸ ಅಂತ ಹುಡುಕಿದರೆ ಬರೀ ಇಂಗ್ಲಿಷ್ ಕಲಿಸುವವರದ್ದೇ ಸಿಗುತ್ತೆ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಿಂದಿ, ಇಲ್ಲಾ ಕನ್ನಡ ಕಲಿಸಿ ಅಲ್ಲಿ ಬದುಕೋಕೆ ಆಗುತ್ತಾ? ಶಿವಮೊಗ್ಗದಲ್ಲಿ ಒಬ್ಬ ಏಜೆಂಟ್ ದುಬೈ ಶಾಲೆ ಅಂತ ಒಂದೂವರೆ ಲಕ್ಷ ಕೇಳ್ತಿದ್ದಾನೆ. ಈ ಸಲ ಕೊಳೆ ರೋಗ ಬಂದು ಅಡಿಕೆ ಅರ್ಧ ಉದುರಿದೆ, ಆದ್ರೂ ಅಪ್ಪ ಕೊಡ್ತೀನಿ ಅಂತಾರೆ. ಅದಕ್ಕೇ ಹೆದರಿಕೆ.

ಮಸ್ಕತ್ ಮಲೆನಾಡಿಗ:
ತಂಗಿ, ಮೊದಲು ಆ ದುಡ್ಡು ಕೊಡಬೇಡ. ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟ್ ತನ್ನ ಸೇವೆಗೆ 30 ಸಾವಿರ ಮತ್ತು ಅದರ ಮೇಲೆ ಜಿಎಸ್‌ಟಿ, ಅಷ್ಟು ಬಿಟ್ಟು ಜಾಸ್ತಿ ತಗೊಳ್ಳೋ ಹಾಗಿಲ್ಲ. ಇ-ಮೈಗ್ರೇಟ್ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಅವನ ಹೆಸರು ಇದೆಯಾ ನೋಡು.

ನಾನು ಎಂಟು ವರ್ಷ ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಹಿಂದಿ ಕಲಿಸಿದೆ. ಕೊಲ್ಲಿ ದೇಶಗಳಲ್ಲಿ ಸಿಬಿಎಸ್‌ಇ ಶಾಲೆಗಳು ಬೇಕಾದಷ್ಟಿವೆ, ಹಿಂದಿಗೆ ಜನ ಬೇಕೇ ಬೇಕು, ನಿನ್ನ ಎಂಎ, ಬಿಎಡ್ ಅದಕ್ಕೆ ಸರಿಯಾಗಿದೆ. ತರಗತಿ ಏಪ್ರಿಲ್‌ನಲ್ಲಿ ಶುರು, ಹಾಗಾಗಿ ಡಿಸೆಂಬರ್‌ನಿಂದಲೇ ಶಾಲೆಗಳ ಸ್ವಂತ ವೆಬ್‌ಸೈಟ್ ನೋಡ್ತಾ ಇರು. ಒಂದು ಕಷ್ಟ ಇದೆ. ಗಂಡನ ವೀಸಾದಲ್ಲಿ ಇಲ್ಲೇ ಇರೋ ಹೆಂಗಸರು ಕಡಿಮೆ ಸಂಬಳಕ್ಕೆ ಸಿಗ್ತಾರೆ, ಆಗ ಊರಿಂದ ಯಾಕೆ ಕರೆಸಬೇಕು ಅಂತ ಲೆಕ್ಕ ಹಾಕ್ತಾರೆ. ಜೊತೆಗೆ ಫ್ರೆಂಚ್ ತಗೊಂಡ್ರೆ ಮಾರ್ಕ್ಸ್ ಜಾಸ್ತಿ ಅಂತ ಮಕ್ಕಳು ಹಿಂದಿ ಬಿಟ್ಟು ಆ ಕಡೆ ಓಡ್ತಾರೆ.

ಸರ್ಟಿಫಿಕೇಟ್ ಕೆಲಸ ಈಗಲೇ ಶುರು ಮಾಡು. ಒಮನ್‌ಗೆ ಅಪೊಸ್ಟಿಲ್, ಅಂದ್ರೆ ನಮ್ಮ ವಿದೇಶಾಂಗ ಇಲಾಖೆಯ ದೃಢೀಕರಣದ ಮುದ್ರೆ, ನಡೆಯುತ್ತೆ, ದುಬೈಗಾದ್ರೆ ಅವರ ಎಂಬೆಸಿ ಮುದ್ರೆ ಬೇಕು. ಕನ್ನಡಕ್ಕೆ ಮಾತ್ರ ನಾನು ಒಂದೂ ಹುದ್ದೆ ನೋಡಿಲ್ಲ. ಕನ್ನಡ ಸಂಘದವರು ರಜೆ ದಿನ ಮಕ್ಕಳಿಗೆ ಕಲಿಸ್ತಾರೆ, ಸಂಬಳ ಅಂದ್ರೆ ಒಂದು ಶಾಲು, ಒಂದು ಫೋಟೋ.

ಚೊಗರು:
ಮೇಲಿನವರು ಹೇಳಿದ್ದು ಸರಿ, ಆದ್ರೆ ಕನ್ನಡಕ್ಕೆ ದುಡ್ಡೇ ಇಲ್ಲ ಅನ್ನೋದು ಒಪ್ಪಲ್ಲ ಮಾರಾಯ್ರೇ. ನಾನು ಹೊಸನಗರದ ಮನೆಯಲ್ಲೇ ಕೂತು ಪ್ರೆಪ್ಲಿ ಅನ್ನೋ ಆನ್‌ಲೈನ್ ಪಾಠದ ವೆಬ್‌ಸೈಟಲ್ಲಿ ಕನ್ನಡ ಕಲಿಸ್ತೀನಿ. ಪ್ರತಿ ಹೊಸ ವಿದ್ಯಾರ್ಥಿಯ ಮೊದಲ ಪಾಠದ ದುಡ್ಡು ಪೂರ್ತಿ ವೆಬ್‌ಸೈಟಿನವರಿಗೆ. ಆಮೇಲೆ ಕಮಿಷನ್ 33 ಪರ್ಸೆಂಟಿಂದ ಶುರುವಾಗಿ, ಗಂಟೆ ಜಾಸ್ತಿ ಆದ ಹಾಗೆ 18ಕ್ಕೆ ಇಳಿಯುತ್ತೆ. ಬರೋರು ಯಾರು ಅಂದ್ರೆ, ಕನ್ನಡದವರನ್ನ ಮದುವೆಯಾದ ವಿದೇಶಿಯರು, ಅಲ್ಲೇ ಹುಟ್ಟಿದ ನಮ್ಮ ಮಕ್ಕಳು. ಒಬ್ಬರು ಜರ್ಮನ್ ಹೆಂಗಸಿಗೆ 'ಳ' ಏನು ಮಾಡಿದ್ರೂ ಬರಲ್ಲ. ಅತ್ತೆ ಹತ್ತಿರ ಫೋನಲ್ಲಿ 'ನಿಮ್ಮ ಹಲ್ಲಿ ಚೆನ್ನಾಗಿದೆ' ಅಂದ್ರಂತೆ, ಅತ್ತೆ ಗೋಡೆ ನೋಡಿದ್ರಂತೆ! ನಾಲಿಗೆ ಹಿಂದಕ್ಕೆ ಮಡಚಿ ತೋರಿಸ್ತಾ ತೋರಿಸ್ತಾ ನನ್ನ ದವಡೆ ನೋವು ಬಂತು. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಪಾಠ ಅಲ್ಲೇ ಕಟ್, ಇನ್ವರ್ಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಇದೊಂದರಲ್ಲೇ ಮನೆ ನಡೆಯಲ್ಲ, ಸಂಬಳದ ಜೊತೆಗೆ ಪರವಾಗಿಲ್ಲ.

ಕೊಟ್ಟೆ ಕಡುಬು:
28 ಅಂದ್ರಲ್ವಾ? ಹಾಗಾದ್ರೆ ಫುಲ್‌ಬ್ರೈಟ್ ಎಫ್‌ಎಲ್‌ಟಿಎ ಅಂತ ಭಾಷಾ ಶಿಕ್ಷಕರಿಗೆ ಒಂದು ಫೆಲೋಶಿಪ್ ಇದೆ, ಇವತ್ತೇ ನೋಡಿ, ಅದಕ್ಕೆ 21ರಿಂದ 29 ವಯಸ್ಸು. ಅಮೆರಿಕದ ಕಾಲೇಜಲ್ಲಿ 9 ತಿಂಗಳು ಹಿಂದಿ ಕಲಿಸೋದು, ಜೊತೆಗೆ ಓದೋದು. ಏಜೆಂಟ್ ಬೇಕಿಲ್ಲ, ನೇರ ಅರ್ಜಿ. ಮುಗಿದ ಮೇಲೆ ವಾಪಸ್ ಬರಬೇಕು, ಎರಡು ವರ್ಷ ಊರಲ್ಲಿ ಇರಬೇಕು, ಅಲ್ಲೇ ಉಳಿಯೋ ಆಸೆ ಇದ್ರೆ ಬಿಡಿ. ನಿಮ್ಮ 'ಅಷ್ಟಕ್ಕಷ್ಟೇ' ಇಂಗ್ಲಿಷ್ ಮಾತ್ರ ಇಲ್ಲಿ ಅಡ್ಡ ಬರುತ್ತೆ, ಆರು ತಿಂಗಳು ಕೂತು ಸರಿ ಮಾಡ್ಕೊಳ್ಳಿ. ನಮ್ಮ ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಸ್ಥೆ ಐಸಿಸಿಆರ್ ಕೂಡ ಹೊರದೇಶಕ್ಕೆ ಹಿಂದಿ, ಸಂಸ್ಕೃತದವರನ್ನ ಕಳಿಸುತ್ತೆ, ಆದ್ರೆ ಅಲ್ಲಿನ ವಿಶ್ವವಿದ್ಯಾಲಯದ ಪೀಠಗಳಿಗೆ ಹೋಗೋರು ಪಿಎಚ್‌ಡಿ ಆದ ಮೇಷ್ಟ್ರುಗಳು. ನಮ್ಮ ಮತ್ತೂರಿನ ಸಂಸ್ಕೃತದವರನ್ನ ಕೇಳಿ ನೋಡಿ, ಆ ದಾರಿ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ.

ತೀರ್ಥಹಳ್ಳಿ ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ಆ ಏಜೆಂಟೇ ಫೋನ್ ಮಾಡಿದ್ದ, 'ಮೇಡಂ, ನಿಮಗೋಸ್ಕರ 80 ಸಾವಿರಕ್ಕೆ ಮಾಡಿಸ್ತೀನಿ' ಅಂತ. ಇ-ಮೈಗ್ರೇಟ್ ನಂಬರ್ ಕೊಡಿ ಅಂದೆ. ನೆಟ್‌ವರ್ಕ್ ಸರಿ ಇಲ್ಲ ಅಂತ ಇಟ್ಟುಬಿಟ್ಟ, ಇನ್ನೂ ಮಾಡಿಲ್ಲ.